ಸೂರ್ಯ ಯಾಕೆ ‘ಸೂಯರ್’ ಆಗುತ್ತಾನೆ? ಮಕ್ಕಳು ಕನ್ನಡ ಓದು, ಬರಹ ಕಲಿಯುವ ಬಗೆ

ಎರಡನೇ ಕ್ಲಾಸಿನ ಹುಡುಗಿ ಪುಸ್ತಕದ ಮೇಲೆ ಬೆರಳಿಟ್ಟು ಓದುತ್ತಿದ್ದಾಳೆ. ‘ಸೂ... ಯ... ರ್. ಸೂಯರ್.’ ಪಕ್ಕದಲ್ಲಿ ಕೂತ ಅಮ್ಮನಿಗೆ ತಾಳ್ಮೆ ಮೀರುತ್ತದೆ. ‘ಸರಿಯಾಗಿ ನೋಡೇ, ಅದು ಸೂರ್ಯ ಅಲ್ವಾ?’

ನಿಜ ಹೇಳಬೇಕೆಂದರೆ ಹುಡುಗಿ ಸರಿಯಾಗಿಯೇ ನೋಡಿದ್ದಾಳೆ. ಪುಟದ ಮೇಲೆ ‘ಯ’ ಮೊದಲು ಇದೆ, ‘ರ್’ ಗುರುತು ಅದರ ಆಚೆ ಇದೆ. ಎಡದಿಂದ ಬಲಕ್ಕೆ ಓದು ಅಂತ ನಾವೇ ಹೇಳಿಕೊಟ್ಟಿದ್ದೇವೆ. ಅವಳು ಹಾಗೇ ಓದಿದಳು. ಬರೆಯುವಾಗ ಆಮೇಲೆ ಬರುವ ಈ ಗುರುತನ್ನು ಓದುವಾಗ ಮೊದಲು ಹೇಳಬೇಕು ಅನ್ನುವುದನ್ನು ಮಾತ್ರ ಯಾರೂ ಅವಳಿಗೆ ಬಿಡಿಸಿ ಹೇಳಿಲ್ಲ.

ಈಗ ಇಂಥ ದೃಶ್ಯ ತುಂಬಾ ಮನೆಗಳಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ 2015ರ ಕನ್ನಡ ಕಲಿಕಾ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಅದು 2017-18ರಿಂದ ಹಂತಹಂತವಾಗಿ ಜಾರಿಗೆ ಬಂತು. ಹಾಗಾಗಿ ಇಂಗ್ಲಿಷ್ ಮಾಧ್ಯಮದ ಮಕ್ಕಳ ಚೀಲದಲ್ಲೂ ಕನ್ನಡ ಪುಸ್ತಕ ಇದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಿಕ್ಕ ಮಕ್ಕಳ ಓದು ಹಿಂದೆ ಬಿತ್ತು. ಅದನ್ನು ಸರಿಪಡಿಸಲು 2022-23ರಲ್ಲಿ ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ ಅನ್ನುವ ಕಾರ್ಯಕ್ರಮವನ್ನೇ ಮಾಡಬೇಕಾಯಿತು. ಇದರ ಜೊತೆಗೆ 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ನಿಪುಣ್ ಭಾರತ್’ ಯೋಜನೆ ಇದೆ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅನ್ನುವುದು ಅದರ ಗುರಿ.

ಗುರಿ ಚೆನ್ನಾಗಿದೆ. ಆದರೆ ಕನ್ನಡ ಓದಲು ಕಲಿಯುವಾಗ ಮಗುವಿನ ತಲೆಯೊಳಗೆ ಏನಾಗುತ್ತದೆ? ನಾವು ಚಿಕ್ಕಂದಿನಲ್ಲಿ ಕಲಿತು ಮರೆತುಬಿಟ್ಟಿರುವುದರಿಂದ ಅದು ಎಷ್ಟು ದೊಡ್ಡ ಕೆಲಸ ಅನ್ನುವುದು ನಮಗೆ ನೆನಪಿಲ್ಲ. ಮೊದಲಿನಿಂದ ನೋಡೋಣ.

ಅಕ್ಷರ ಅಂದರೆ ಏನು?

ಇಂಗ್ಲಿಷ್‌ನ ಲೆಟರ್‌ಗೂ ಕನ್ನಡದ ಅಕ್ಷರಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಂಗ್ಲಿಷ್ ಹಿಟ್ಟನ್ನೂ ನೀರನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಕನ್ನಡ ಮುದ್ದೆ ಕಟ್ಟಿಯೇ ಕೊಡುತ್ತದೆ. ‘ಕ’ ಅಂದಾಗ ಅದರಲ್ಲಿ ‘ಕ್’ ಅನ್ನುವ ವ್ಯಂಜನವೂ ‘ಅ’ ಅನ್ನುವ ಸ್ವರವೂ ಆಗಲೇ ಬೆರೆತಿವೆ.

ಇದು ಚಿಕ್ಕ ಮಕ್ಕಳಿಗೆ ಅನುಕೂಲವೇ. ‘ಮರ’ ಅನ್ನುವ ಮಾತನ್ನು ಒಡೆ ಅಂದರೆ ನಾಲ್ಕು ವರ್ಷದ ಮಗು ಕೂಡ ಚಪ್ಪಾಳೆ ತಟ್ಟುತ್ತಾ ‘ಮ-ರ’ ಅನ್ನುತ್ತದೆ. ‘ಮ್-ಅ-ರ್-ಅ’ ಅಂತ ನಾಲ್ಕು ದನಿಯಾಗಿ ಒಡೆಯುವುದು ಅದಕ್ಕೆ ಕಷ್ಟ. ಬಾಯಲ್ಲಿ ಒಂದು ತುತ್ತಾಗಿ ಬರುವುದನ್ನು ಕನ್ನಡ ಒಂದು ಅಕ್ಷರವಾಗಿ ಬರೆಯುತ್ತದೆ. ಹಾಗಾಗಿ ಸರ, ಮರ, ಗಜ, ನಗರದಂಥ ಪದಗಳನ್ನು ಮಕ್ಕಳು ಬೇಗ ಓದುತ್ತಾರೆ.

ವರ್ಣಮಾಲೆಯಲ್ಲಿ 49 ಅಕ್ಷರ ಇವೆ ಅಂತ ಶಾಲೆಯಲ್ಲಿ ಕಲಿಸುತ್ತಾರೆ. 13 ಸ್ವರ, 34 ವ್ಯಂಜನ, ಮತ್ತೆ ಯೋಗವಾಹ ಅನ್ನುವ ಅಂ, ಅಃ ಎರಡು. ಇಷ್ಟೇ ಆಗಿದ್ದರೆ ಒಂದು ವರ್ಷದಲ್ಲಿ ಕೆಲಸ ಮುಗಿಯುತ್ತಿತ್ತು.

ಕಾಗುಣಿತ: ಕ ಅಕ್ಷರದ ಮಗ್ಗಿ

ಗುಣಿತ ಅಂದರೆ ಗುಣಿಸಿದ್ದು. ಕಾಗುಣಿತ ಒಂದು ರೀತಿಯ ಮಗ್ಗಿ. ಕ, ಕಾ, ಕಿ, ಕೀ ಅಂತ ಶುರುವಾಗಿ ಕಂ, ಕಃ ತನಕ 15 ರೂಪ. 34 ವ್ಯಂಜನಕ್ಕೂ 15 ಅಂದರೆ 510 ರೂಪ!

510ನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ವ್ಯಂಜನಗಳ ಜೊತೆಗೆ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಐತ್ವ, ಓತ್ವ, ಔತ್ವ, ದೀರ್ಘ, ವಟ್ರಸುಳಿ, ಸೊನ್ನೆ ಮೊದಲಾದ ಗುರುತುಗಳು ಗೊತ್ತಿದ್ದರೆ ಉಳಿದದ್ದನ್ನು ಮಗು ತಾನೇ ಕಟ್ಟಿಕೊಳ್ಳಬಹುದು. ತೊಂದರೆ ಆಗುವುದು ಹಾಡಿನಲ್ಲಿ. ‘ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ’ ಅಂತ ತರಗತಿಯೆಲ್ಲಾ ರಾಗವಾಗಿ ಹೇಳುತ್ತದೆ. ಮಗುವೂ ಅದರ ಜೊತೆ ಹೇಳುತ್ತದೆ. ಅದೇ ಮಗುವಿಗೆ ‘ಘೀ’ ಬರೆ ಅಂದರೆ ಅಥವಾ ‘ಷೋ’ ತೋರಿಸಿ ಓದು ಅಂದರೆ ಬಾಯಿ ಕಟ್ಟುತ್ತದೆ. ಸಾಲು ಬಾಯಿಗೆ ಬಂದಿದೆ, ಕೂಡಿಸುವ ಲೆಕ್ಕ ಬಂದಿಲ್ಲ. ಮಗ್ಗಿಯಲ್ಲೂ ಹೀಗೇ ತಾನೆ? ಏಳೊಂದ್ಲ ಏಳರಿಂದ ಶುರು ಮಾಡಿದರೆ ಮಾತ್ರ ಏಳೆಂಟ್ಲ ಐವತ್ತಾರು ಹೇಳುವ ಮಕ್ಕಳಿರುತ್ತಾರೆ.

ಇದನ್ನು ಪರೀಕ್ಷಿಸುವುದು ಸುಲಭ. ಕ್ರಮ ತಪ್ಪಿಸಿ ಕೇಳಿ. ತೋ, ಮೀ, ಗು, ಲೇ ಅಂತ ಬಿಡಿಬಿಡಿಯಾಗಿ ತೋರಿಸಿ. ಎಲ್ಲಿ ನಿಲ್ಲುತ್ತದೋ ಆ ಗುರುತನ್ನು ಐದಾರು ಅಕ್ಷರದ ಮೇಲೆ ಹಾಕಿ ಆಡಿಸಿ. ಪೂರ್ತಿ ಸಾಲು ಮತ್ತೆ ಹೇಳಿಸುವುದಕ್ಕಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಕಣ್ಣಿಗೆ ಮೋಸ ಮಾಡುವ ಕೆಲವು ರೂಪಗಳೂ ಇವೆ. ಕು, ಗು, ತು ಬರೆಯುವಾಗ ಕೊಂಬು ಪಕ್ಕದಲ್ಲಿ ಬರುತ್ತದೆ. ಪು, ವು ಬರೆಯುವಾಗ ಕೆಳಕ್ಕೆ ಇಳಿಯುತ್ತದೆ. ‘ವ’ ಪಕ್ಕದಲ್ಲೇ ಕೊಂಬು ಹಾಕಿ ನೋಡಿ, ಅದು ‘ಮ’ ಥರ ಕಾಣುತ್ತದೆ. ಬ-ಭ, ದ-ಧ-ಥ, ಪ-ಷ-ಫ-ಘ, ರ-ಠ ಇವೆಲ್ಲ ಒಂದೇ ಮುಖದ ಅಣ್ಣತಮ್ಮಂದಿರು. ಒಂದೇ ವಾರದಲ್ಲಿ ಇವನ್ನೆಲ್ಲ ಜೋಡಿಯಾಗಿ ಕಲಿಸಿದರೆ ಮಗು ಗೊಂದಲಕ್ಕೆ ಬೀಳುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋಗುವುದು ಒಳ್ಳೆಯದು.

ಒತ್ತಕ್ಷರ: ಕಣ್ಣು ಒಂದು ಹೇಳಿದರೆ ಕಿವಿ ಇನ್ನೊಂದು ಹೇಳುತ್ತದೆ

ಕನ್ನಡ ಓದಿನಲ್ಲಿ ಮಕ್ಕಳು ಜಾಸ್ತಿ ಎಡವುವುದು ಇಲ್ಲಿ. ಇದಕ್ಕೆ ಮೂರು ಕಾರಣ ಇವೆ, ಮೂರೂ ಬೇರೆಬೇರೆ.

ಮೊದಲನೆಯದು ಆಕಾರ. ಕ್ಕ, ಗ್ಗ, ಚ್ಚ, ಪ್ಪ ನೋಡಿದರೆ ಕೆಳಗೆ ಕೂತಿರುವುದು ಯಾವ ಅಕ್ಷರ ಅಂತ ಊಹಿಸಬಹುದು. ತಲೆಕಟ್ಟು ತೆಗೆದ ಮರಿ ಅಕ್ಷರ ಅದು. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ತ್ತ, ನ್ನ, ಮ್ಮ, ಯ್ಯ, ಕ್ರ, ಲ್ಲ ಬರೆದು ನೀವೇ ನೋಡಿ. ಈ ಆರನ್ನು ಬೇರೆಯಾಗಿಯೇ ಗುರುತಿಸಲು ಕಲಿಸಬೇಕು. ದುರದೃಷ್ಟಕ್ಕೆ ನಮ್ಮ ಮಾತಿನಲ್ಲಿ ಜಾಸ್ತಿ ಬರುವ ಒತ್ತುಗಳೂ ಇವೇ.

ಎರಡನೆಯದು ಸ್ವರದ ಜಾಗ. ‘ಆಸ್ತಿ’ ಅನ್ನುವ ಪದ ತೆಗೆದುಕೊಳ್ಳಿ. ಕಿವಿಗೆ ಕೇಳುವ ಕ್ರಮ: ಆ, ಸ್, ತ್, ಇ. ಅಂದರೆ ‘ಇ’ ದನಿ ಸೇರಬೇಕಾದ್ದು ‘ತ್’ಗೆ. ಬರೆಯುವಾಗ ಮಾತ್ರ ಗುಡಿಸು ಹೋಗಿ ಮೇಲಿರುವ ‘ಸ’ಗೆ ಅಂಟುತ್ತದೆ. ಮಗುವಿನ ಕಣ್ಣಿಗೆ ಕಾಣುವುದು ‘ಸಿ’, ಅದರ ಕೆಳಗೆ ‘ತ’. ಹಾಗಾಗಿ ‘ಆಸಿತ’ ಅಂತ ಓದುತ್ತದೆ. ಅದು ಅಜಾಗರೂಕತೆ ಅಲ್ಲ. ಕಾಗುಣಿತದ ಪಾಠದಲ್ಲಿ ಕಲಿತ ನಿಯಮವನ್ನೇ ಇಲ್ಲೂ ಹಾಕಿದೆ.

ಮೂರನೆಯದು ಅರ್ಕಾವತ್ತು, ನಮ್ಮ ‘ಸೂಯರ್’ ಹುಟ್ಟಿದ್ದು ಇದರಿಂದಲೇ. ‘ಅರ್ಕ’ ಅಂದರೂ ಸೂರ್ಯನೇ, ಆ ಪದದಲ್ಲೂ ಇದೇ ಗುರುತು ಇದೆ. ಉಳಿದ ಎಲ್ಲ ಒತ್ತಕ್ಷರಗಳಲ್ಲಿ ಮೊದಲು ಹೇಳುವುದು ಮೇಲೆ, ಆಮೇಲೆ ಹೇಳುವುದು ಕೆಳಗೆ. ಇಲ್ಲಿ ಮಾತ್ರ ಮೊದಲು ಹೇಳುವ ‘ರ್’ ಸಾಲಿನಲ್ಲಿ ಹಿಂದೆ ಹೋಗಿ ನಿಲ್ಲುತ್ತದೆ. ಕೆಲವರು ಸೂರ‍್ಯ ಅಂತ, ‘ರ’ ಕೆಳಗೆ ‘ಯ’ ಒತ್ತು ಕೊಟ್ಟು ಬರೆಯುವುದೂ ಉಂಟು. ಅದರಲ್ಲಿ ದನಿಯ ಕ್ರಮವೂ ಬರಹದ ಕ್ರಮವೂ ಒಂದೇ. ಮೊದಲು ಆ ರೂಪ ತೋರಿಸಿ, ಆಮೇಲೆ ‘ಪುಸ್ತಕದಲ್ಲಿ ಇದನ್ನು ಹೀಗೆ ಬರೆಯುತ್ತಾರೆ’ ಅಂತ ಅರ್ಕಾವತ್ತು ತೋರಿಸಿದರೆ ಮಗುವಿಗೆ ದಾರಿ ಸಿಗುತ್ತದೆ. ಆಮೇಲೆ ಕ್ರಮ, ಕರ್ಮ ಎರಡನ್ನೂ ಪಕ್ಕಪಕ್ಕ ಬರೆದು ಓದಿಸಿ. ಎರಡರಲ್ಲೂ ಇರುವುದು ಕ, ರ, ಮ. ‘ರ’ ಎಲ್ಲಿ ಕೂತಿದೆ ಅನ್ನುವುದೇ ಅರ್ಥ ಬದಲಿಸುತ್ತದೆ.

ಒತ್ತಕ್ಷರ ಶುರು ಮಾಡಲು ಒಳ್ಳೆಯ ಜಾಗ ಮನೆಯೇ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ತಮ್ಮ. ಎಲ್ಲದರಲ್ಲೂ ಒಂದೇ ಅಕ್ಷರದ ಒತ್ತು. ‘ಅಪ್ಪ’ ಅನ್ನುವಾಗ ತುಟಿ ಒಂದು ಕ್ಷಣ ಮುಚ್ಚಿಕೊಂಡೇ ಇರುತ್ತದೆ. ಮಗುವಿಗೆ ಬೆರಳಿಂದ ತುಟಿ ಮುಟ್ಟಿಕೊಂಡು ಹೇಳಲು ಹೇಳಿ. ಆ ತಡೆಯೇ ಒತ್ತು. ಆಮೇಲೆ ‘ಕತೆ’, ‘ಕತ್ತೆ’ ಎರಡನ್ನೂ ಹೇಳಿಸಿ. ‘ಅಜ್ಜಿ ಕತ್ತೆ ಹೇಳಿದಳು’ ಅಂತ ಬರೆದು ತೋರಿಸಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಒಂದು ಒತ್ತಿಗೆ ಎಷ್ಟು ಬೆಲೆ ಇದೆ ಅಂತ ಬೇರೆ ಪಾಠ ಬೇಡ.

ಪುಸ್ತಕ, ಆಸ್ತಿ, ಕಬ್ಬಿಣದ ಥರ ದೊಡ್ಡ ಪದ ಬಂದಾಗ ಕಿವಿಯ ಕ್ರಮದಲ್ಲಿ ಒಡೆದು ಹೇಳಿ: ಪುಸ್-ತ-ಕ, ಆಸ್-ತಿ, ಕಬ್-ಬಿ-ಣ. ಬರೆದದ್ದು ಒಂದು ಥರ, ಹೇಳುವುದು ಇನ್ನೊಂದು ಥರ ಅಂತ ಗೊತ್ತಾದ ಮೇಲೆ ಮಗು ತಾನೇ ಎರಡನ್ನೂ ಹೊಂದಿಸಿಕೊಳ್ಳುತ್ತದೆ.

ಎಷ್ಟು ಸಮಯ ಬೇಕು?

‘ಇಂಗ್ಲಿಷ್ ಎ ಬಿ ಸಿ ಡಿ ಆರು ತಿಂಗಳಲ್ಲಿ ಕಲಿತ, ಕನ್ನಡ ಮಾತ್ರ ಇನ್ನೂ ಬರುತ್ತಿಲ್ಲ’ ಅಂತ ಕೊರಗುವ ತಂದೆತಾಯಿ ತುಂಬಾ ಜನ. ಇದಕ್ಕೆ ಉತ್ತರ ಲಿಪಿಯಲ್ಲೇ ಇದೆ. ಅಲ್ಲಿ 26 ಲೆಟರ್. ಇಲ್ಲಿ 510 ರೂಪ, ಅದರ ಮೇಲೆ ಒತ್ತಕ್ಷರ. ಸಂಶೋಧಕಿ ಸೊನಾಲಿ ನಾಗ್ ಅವರು ಕರ್ನಾಟಕದ ಶಾಲಾ ಮಕ್ಕಳ ಕನ್ನಡ ಓದಿನ ಬಗ್ಗೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ನಾಲ್ಕನೇ ತರಗತಿಯ ಹೊತ್ತಿಗೂ ಮಕ್ಕಳ ಅಕ್ಷರ ಕಲಿಕೆ ಪೂರ್ತಿ ಮುಗಿದಿರುವುದಿಲ್ಲ ಅಂತ ಅದರಲ್ಲಿ ಕಂಡುಬಂತು. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ದಡ್ಡ ಅಂತ ಅಲ್ಲ. ಅದು ಇನ್ನೂ ದಾರಿಯಲ್ಲಿದೆ.

ಕನ್ನಡ ಓದುವುದು ಮಂಗಳೂರಿನಿಂದ ಬೆಂಗಳೂರಿಗೆ ಹೋದ ಹಾಗೆ. ಶಿರಾಡಿ ಘಾಟಿ ಮೊದಲೇ ಬರುತ್ತದೆ. ಬಸ್ಸು ನಿಧಾನ, ತಿರುವು ಜಾಸ್ತಿ. ಸಕಲೇಶಪುರ ದಾಟಿದ ಮೇಲೆ ದಾರಿ ಸಲೀಸು. ಇಂಗ್ಲಿಷ್‌ನಲ್ಲಿ ಶುರುವಿನ ದಾರಿ ಚಿಕ್ಕದು, ಘಾಟಿ ಆಮೇಲೆ ಬರುತ್ತದೆ. ಅಲ್ಲಿ ಒಂದೇ ಲೆಟರ್ ‘ಕ್ಯಾಟ್’ನಲ್ಲಿ ಕ ಆಗುತ್ತದೆ, ‘ಸಿಟಿ’ಯಲ್ಲಿ ಸ ಆಗುತ್ತದೆ. ಕನ್ನಡದಲ್ಲಿ ಆ ತಾಪತ್ರಯ ತುಂಬಾ ಕಡಿಮೆ. ಗುರುತುಗಳೆಲ್ಲ ಗೊತ್ತಾದ ಮೇಲೆ ಮಗು ಎಂದೂ ಕಾಣದ ಪದವನ್ನೂ ಓದಬಲ್ಲದು.

‘ಬರೆದ ಹಾಗೆ ಓದುತ್ತೇವೆ’ ಅನ್ನುವುದು ಪೂರ್ತಿ ನಿಜವೂ ಅಲ್ಲ. ‘ಋ’ವನ್ನು ನಾವು ‘ರು’ ಅಂತಲೇ ಅನ್ನುತ್ತೇವೆ. ‘ಜ್ಞಾನ’ದಲ್ಲಿ ಬಾಯಿಗೆ ಬರುವುದು ‘ಗ್ಯಾ’ ಅಥವಾ ‘ಗ್ನಾ’. ‘ಚಿಹ್ನೆ’ ಅಂತ ಬರೆದು ‘ಚಿನ್ಹೆ’ ಅನ್ನುತ್ತೇವೆ. ಸೊನ್ನೆ ಅಂತೂ ಮುಂದಿನ ಅಕ್ಷರ ನೋಡಿ ದನಿ ಬದಲಿಸುತ್ತದೆ. ‘ಅಂಬು’ ಅನ್ನುವಾಗ ಅದು ಮ್, ‘ಅಂತು’ ಅನ್ನುವಾಗ ನ್, ‘ಅಂಟು’ ಅನ್ನುವಾಗ ಣ್. ಇಂಥವು ಕೈಬೆರಳಲ್ಲಿ ಎಣಿಸುವಷ್ಟು ಇವೆ. ಬಂದಾಗ ಹೇಳಿಕೊಟ್ಟರೆ ಸಾಕು.

‘ಅ ಆ ಇ ಈ’ಯಿಂದಲೇ ಶುರು ಮಾಡಬೇಕಾ?

ವರ್ಣಮಾಲೆಯ ಜೋಡಣೆ ಬಹಳ ಚಂದ. ಕ ಸಾಲು ಗಂಟಲ ಹತ್ತಿರ ಹುಟ್ಟುತ್ತದೆ. ಚ, ಟ, ತ ಸಾಲುಗಳು ಒಂದೊಂದಾಗಿ ಬಾಯಲ್ಲಿ ಮುಂದೆ ಬರುತ್ತವೆ. ಪ ಸಾಲು ತುಟಿಯಲ್ಲಿ ಮುಗಿಯುತ್ತದೆ. ದನಿಗಳನ್ನು ಗಮನಿಸಿ ಇಟ್ಟ ಕ್ರಮ ಅದು. ನಿಘಂಟು ನೋಡಲೂ ಅದೇ ಬೇಕು.

ಓದಲು ಶುರು ಮಾಡುವ ಮಗುವಿಗೆ ಮಾತ್ರ ಆ ಕ್ರಮದಿಂದ ಬೇಗ ಫಲ ಸಿಗುವುದಿಲ್ಲ. ಅ, ಆ, ಇ, ಈ ನಾಲ್ಕು ಕಲಿತರೂ ಅವುಗಳಿಂದ ಓದಲು ಸಿಗುವುದು ‘ಆ’, ‘ಈ’ ಅನ್ನುವ ಎರಡು ಪುಟ್ಟ ಮಾತು ಮಾತ್ರ. ಙ, ಞ ಬರೆದು ಬರೆದು ಕೈ ನೋಯಿಸಿಕೊಂಡ ಮಗು ಆ ಅಕ್ಷರಗಳನ್ನು ಬಿಡಿಯಾಗಿ ಕತೆಗಳಲ್ಲಿ ಕಾಣುವುದೇ ಇಲ್ಲ ಅನ್ನಬಹುದು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ‘ನಲಿ-ಕಲಿ’ ಅನ್ನುವ ಕಲಿಕಾ ವಿಧಾನ ಇದನ್ನೇ ಬದಲಿಸಿತು. ಅಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಬರೀ ಐದು. ಇವುಗಳಿಂದ ಏನೇನು ಸಿಗುತ್ತದೆ ನೋಡಿ: ಸರ, ರಸ, ದರ, ಅಗಸ, ಅರಸ, ಗರಗಸ. ಇದಕ್ಕೆ ಒಂದು ಇಳಿ ಸೇರಿಸಿ. ದಾರ, ರಾಗ, ಸಾಗರ! ಎರಡು ವಾರದ ಹಿಂದೆ ಒಂದಕ್ಷರವೂ ಬರದ ಮಗು ಈಗ ‘ಸಾಗರ’ ಅಂತ ಬಸ್ಸಿನ ಬೋರ್ಡ್ ಓದುತ್ತದೆ. ಆ ಕ್ಷಣದಲ್ಲಿ ಮಗುವಿನ ಮುಖ ನೋಡಬೇಕು. ಓದು ಅಂದರೆ ಏನು ಅಂತ ಅದಕ್ಕೆ ಗೊತ್ತಾಗುವುದು ಆಗಲೇ.

ಮನೆಯಲ್ಲಿ ಕಲಿಸುವವರೂ ಇದನ್ನೇ ಮಾಡಬಹುದು. ಹೊರದೇಶದಲ್ಲಿ ಶನಿವಾರ, ಭಾನುವಾರ ಮಾತ್ರ ಕನ್ನಡ ತರಗತಿ ನಡೆಸುವವರಿಗೆ ಇದು ಇನ್ನೂ ಮುಖ್ಯ. ವಾರಕ್ಕೆ ಒಂದು ಗಂಟೆ ಸಿಗುವ ಮಗುವಿಗೆ ಮೊದಲ ದಿನವೇ ಒಂದು ಪದ ಓದಲು ಸಿಗಬೇಕು. ವರ್ಣಮಾಲೆಯ ಹಾಡನ್ನು ಬಿಡಬೇಕಾಗಿಲ್ಲ, ಅದು ಪಕ್ಕದಲ್ಲಿ ನಡೆಯಲಿ.

ಓದಿದ್ದು ತಲೆಯಲ್ಲಿ ನಿಲ್ಲುವುದು ಹೇಗೆ?

ಬೊಗಸೆಯಲ್ಲಿ ನೀರು ಹೊತ್ತು ಅಂಗಳ ದಾಟಿ ನೋಡಿ. ಬೇಗ ನಡೆದರೆ ನೀರು ಉಳಿಯುತ್ತದೆ, ನಿಂತು ನಿಂತು ಹೋದರೆ ಸೋರಿಹೋಗುತ್ತದೆ. ಒಂದೊಂದೇ ಅಕ್ಷರ ಹುಡುಕುತ್ತಾ ಓದುವ ಮಗು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಸೋರಿಹೋಗಿರುತ್ತದೆ. ‘ಓದಿದ್ದೇನು ಹೇಳು’ ಅಂದರೆ ಸುಮ್ನೆ ಮುಖ ನೋಡುತ್ತದೆ. ಓದುವ ವೇಗಕ್ಕೆ ಬೆಲೆ ಇರುವುದು ಈ ಕಾರಣಕ್ಕೆ. ಓಟದ ಸ್ಪರ್ಧೆಗಾಗಿ ಅಲ್ಲ.

ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಅಂತ ಗುರಿ ಇಟ್ಟಿತ್ತು. ಆದರೆ ಎಲ್ಲ ಭಾಷೆಯ ಪದವೂ ಒಂದೇ ಉದ್ದ ಇರುವುದಿಲ್ಲ. ‘ಮನೆಯಲ್ಲಿದ್ದವರಿಗೆಲ್ಲಾ’ ಅನ್ನುವುದು ಕನ್ನಡದಲ್ಲಿ ಒಂದು ಪದ. ಇದನ್ನೇ ಇಂಗ್ಲಿಷ್‌ನಲ್ಲಿ ಹೇಳಲು ಏಳೆಂಟು ಪದ ಬೇಕು. 2022ರಲ್ಲಿ ಎನ್‌ಸಿಇಆರ್‌ಟಿ ಮೂರನೇ ತರಗತಿ ಮಕ್ಕಳ ಬಗ್ಗೆ ಅಧ್ಯಯನ ಮಾಡಿದಾಗ 20 ಭಾಷೆಗಳಿಗೆ ಬೇರೆಬೇರೆ ಅಳತೆಯನ್ನೇ ಇಟ್ಟುಕೊಂಡಿತು. ನಿಮ್ಮ ಮಗು ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ ಓದುವ ಪದಕ್ಕೂ ಕನ್ನಡದಲ್ಲಿ ಓದುವ ಪದಕ್ಕೂ ತಾಳೆ ಹಾಕಬೇಡಿ.

ಉದ್ದ ಪದಗಳನ್ನು ರೈಲಿನ ಹಾಗೆ ನೋಡಲು ಕಲಿಸಬಹುದು. ಎಂಜಿನ್ ‘ಮನೆ’. ಅದಕ್ಕೆ ಸೇರಿದ ಬೋಗಿಗಳು ‘ಅಲ್ಲಿ’, ‘ಇದ್ದವರಿಗೆ’, ‘ಎಲ್ಲಾ’. ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದು ಬೋಗಿ ಬೇರೆ ಮಾಡಿ. ಕೆಲವು ದಿನದಲ್ಲಿ ಗೆರೆ ಬೇಕಾಗುವುದಿಲ್ಲ.

ಓದಿಸುವುದಕ್ಕಿಂತ ಮುಂಚೆ ಓದಿ ಹೇಳಬೇಕು. ನೀವು ದನಿ ಏರಿಳಿಸಿ ಓದುವಾಗ ಎಲ್ಲಿ ನಿಲ್ಲಬೇಕು, ಯಾವ ಪದಗಳು ಜೊತೆಗೆ ಹೋಗುತ್ತವೆ ಅಂತ ಮಗು ಕೇಳಿಸಿಕೊಳ್ಳುತ್ತದೆ. ಅದೇ ಪುಟವನ್ನು ಮಗು ಆಮೇಲೆ ಓದಲಿ. ಒಂದೇ ಕತೆ ಹತ್ತು ಸಲ ಓದಿದರೂ ನಷ್ಟ ಇಲ್ಲ. ಪುಸ್ತಕ ಕಡಿಮೆ ಇದ್ದರೆ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳು ಉಚಿತವಾಗಿ, ಓದಿನ ಮಟ್ಟಕ್ಕೆ ತಕ್ಕಂತೆ ಸಿಗುತ್ತವೆ. ಅಂಗಡಿ ಬೋರ್ಡು, ಹಾಲಿನ ಪ್ಯಾಕೆಟ್ಟು, ಮದುವೆ ಕಾಗದ ಎಲ್ಲವೂ ಓದುವ ಸರಕೇ.

ಬರೆಯುವಾಗಿನ ತಪ್ಪು ಏನು ಹೇಳುತ್ತದೆ?

ಗುರುತಿರುವ ಮುಖವನ್ನು ಸಂತೆಯಲ್ಲಿ ಕಂಡುಹಿಡಿಯುವುದು ಸುಲಭ. ಅದೇ ಮುಖವನ್ನು ನೆನಪಿನಿಂದ ಚಿತ್ರ ಬರೆಯುವುದು ಕಷ್ಟ. ಓದಿಗೂ ಬರಹಕ್ಕೂ ಇರುವ ವ್ಯತ್ಯಾಸ ಇಷ್ಟೇ. ಸಲೀಸಾಗಿ ಓದುವ ಮಗು ಬರೆಯುವಾಗ ತಪ್ಪು ಮಾಡುವುದು ಸಹಜ.

ಆ ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. ‘ಕಾಡು’ ಬದಲು ‘ಕಡು’, ‘ಓಡು’ ಬದಲು ‘ಒಡು’ ಬರೆದರೆ ಮಗು ದನಿಯ ಉದ್ದ ಗಮನಿಸಿಲ್ಲ. ಉದ್ದ ದನಿಗೆ ಕೈ ಚಾಚಿ, ಗಿಡ್ಡ ದನಿಗೆ ಮುಷ್ಟಿ ಹಿಡಿದು ಹೇಳಿಸಿ. ‘ಹಲ್ಲು’ ಬದಲು ‘ಹಲು’ ಬಂದರೆ ಒತ್ತಿನ ತಡೆ ಕೇಳಿಸಿಲ್ಲ. ಬಲೆ-ಬಳೆ, ಹಲ್ಲಿ-ಹಳ್ಳಿ ಅದಲುಬದಲಾದರೆ ನಾಲಿಗೆ ಎಲ್ಲಿ ಮಡಚುತ್ತದೆ ಅಂತ ತೋರಿಸಬೇಕು. ಇಲ್ಲಿ ಒಂದು ಸುಲಭದ ಗುಟ್ಟೂ ಇದೆ. ಕನ್ನಡದ ಯಾವ ಪದವೂ ‘ಳ’ ಅಥವಾ ‘ಣ’ದಿಂದ ಶುರುವಾಗುವುದಿಲ್ಲ. ಪದದ ಮೊದಲಲ್ಲಿ ಯಾವುದು ಬರೆಯಬೇಕು ಅನ್ನುವ ಅನುಮಾನವೇ ಬೇಡ.

ದ-ಧ, ಬ-ಭ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. ಮಾತಿನಲ್ಲಿ ನಾವು ಮಹಾಪ್ರಾಣ ಜೋರಾಗಿ ಹೇಳುವುದು ಅಪರೂಪ. ಬಾಯ ಮುಂದೆ ಅಂಗೈ ಹಿಡಿದು ‘ದನ’, ‘ಧನ’ ಎರಡನ್ನೂ ಬಿಡಿಸಿ ಹೇಳಿದರೆ ಎರಡನೆಯದರಲ್ಲಿ ಉಸಿರು ಬಂದು ಕೈಗೆ ತಾಗುತ್ತದೆ. ಹಳೆ ಮೈಸೂರು ಭಾಗದ ಅನೇಕ ಮನೆಗಳಲ್ಲಿ ‘ಹ’ ದನಿ ಬಿಟ್ಟು ಮಾತಾಡುತ್ತಾರೆ. ಆ ಮಗುವಿಗೆ ‘ಹಕ್ಕಿ’ಯೂ ‘ಅಕ್ಕಿ’ಯೂ ಒಂದೇ ಥರ ಕೇಳಿಸುತ್ತವೆ. ಬೈದು ತಿದ್ದುವ ವಿಷಯ ಅಲ್ಲ ಇದು. ‘ನಾವು ಮಾತಾಡುವುದು ಹೀಗೆ, ಬರೆಯುವುದು ಹೀಗೆ’ ಅಂತ ಪ್ರೀತಿಯಿಂದ ಹೇಳಬೇಕು. ಅದು ಅವರಮ್ಮನ ಮಾತು.

ಸ, ಶ, ಷ ಬೇರೆ ಕತೆ. ಶ, ಷ ಎರಡೂ ನಮ್ಮ ಬಾಯಲ್ಲಿ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿವೆ. ಕಿವಿ ಎಷ್ಟು ನಿಗುರಿಸಿದರೂ ಪ್ರಯೋಜನ ಇಲ್ಲ. ಶಾಲೆ, ಆಕಾಶ, ಭಾಷೆ, ವರ್ಷ ಇವನ್ನು ಪದವಾಗಿಯೇ ನೆನಪಿಡಬೇಕು. ಒತ್ತಕ್ಷರದಲ್ಲಿ ಮಾತ್ರ ಒಂದು ನಿಯಮ ಕೈ ಹಿಡಿಯುತ್ತದೆ. ಟ, ಠ, ಣ ಮುಂದೆ ಇದ್ದರೆ ‘ಷ’: ಕಷ್ಟ, ನಿಷ್ಠೆ, ಕೃಷ್ಣ. ಚ ಮುಂದೆ ಇದ್ದರೆ ‘ಶ’: ನಿಶ್ಚಯ, ಆಶ್ಚರ್ಯ. ತ ಮುಂದೆ ಇದ್ದರೆ ‘ಸ’: ಪುಸ್ತಕ, ವಸ್ತು. ನಾಲಿಗೆ ಮುಂದಿನ ಅಕ್ಷರಕ್ಕೆ ಆಗಲೇ ಸಜ್ಜಾಗಿ ನಿಲ್ಲುವುದರಿಂದ ಹೀಗಾಗುತ್ತದೆ. ಸ್ಟೇಷನ್, ಪೋಸ್ಟ್ ಥರದ ಇಂಗ್ಲಿಷ್‌ನಿಂದ ಬಂದ ಪದಗಳು ಈ ನಿಯಮಕ್ಕೆ ಸೇರುವುದಿಲ್ಲ.

ಉಕ್ತಲೇಖನ ಒಳ್ಳೆಯ ಅಭ್ಯಾಸ, ಆದರೆ ವಾರಕ್ಕೊಮ್ಮೆ 25 ಪದ ಕೊಟ್ಟು ಅಂಕ ಹಾಕುವುದಕ್ಕಿಂತ ದಿನಕ್ಕೆ 5 ಪದ ಸಾಕು. ಬರೆದ ಮೇಲೆ ಪುಸ್ತಕ ತೆರೆದು ಮಗುವೇ ತಾಳೆ ನೋಡಲಿ. ತಾನೇ ಕಂಡುಕೊಂಡ ತಪ್ಪು ಚೆನ್ನಾಗಿ ನೆನಪಿರುತ್ತದೆ. ಒಂದೇ ಪದವನ್ನು 50 ಸಲ ಬರೆಸಿದರೆ ಹತ್ತನೇ ಸಲಕ್ಕೆ ಕೈ ಮಾತ್ರ ಓಡುತ್ತದೆ, ಮನಸ್ಸು ಆಟದ ಬಯಲಲ್ಲಿರುತ್ತದೆ.

ವ್ಯಾಕರಣ ಆಗಲೇ ಬಾಯಲ್ಲಿದೆ

‘ಅಕ್ಕ ಬಂದ್ಲು, ಅಣ್ಣ ಬಂದ, ಬಸ್ಸು ಬಂತು.’ ಮೂರು ವರ್ಷದ ಮಗು ಇದನ್ನು ತಪ್ಪಿಲ್ಲದೆ ಹೇಳುತ್ತದೆ. ಲಿಂಗ, ಕ್ರಿಯಾಪದ ಅನ್ನುವ ಹೆಸರು ಗೊತ್ತಿಲ್ಲ, ಕೆಲಸ ಗೊತ್ತಿದೆ. ಚಿಕ್ಕ ತರಗತಿಯ ವ್ಯಾಕರಣ ಅಂದರೆ ಬಾಯಲ್ಲಿರುವುದನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವುದು. ವ್ಯಾಖ್ಯೆ ಬಾಯಿಪಾಠ ಮಾಡಿಸುವುದಕ್ಕೆ ಅವಸರ ಇಲ್ಲ.

ಆಟವಾಗಿ ಮಾಡಿ. ‘ಹುಡುಗ ಹಣ್ಣು ತಿಂದನು’ ಅಂತ ಬರೆಯಿರಿ. ‘ಹುಡುಗ’ ಅಳಿಸಿ ‘ಹುಡುಗಿ’ ಬರೆದರೆ ಇನ್ನೇನು ಬದಲಾಗಬೇಕು? ‘ಮಂಗ’ ಬರೆದರೆ? ‘ಮಕ್ಕಳು’ ಬರೆದರೆ? ಮೊದಲ ಪದ ಬದಲಾದರೆ ಕೊನೆಯ ಪದದ ಬಾಲವೂ ಬದಲಾಗುತ್ತದೆ ಅಂತ ಮಗುವೇ ಹೇಳುತ್ತದೆ. ಆಗ ‘ಹೆಸರು ಹೇಳುವ ಪದ ನಾಮಪದ, ಕೆಲಸ ಹೇಳುವ ಪದ ಕ್ರಿಯಾಪದ’ ಅಂದರೆ ಅದು ಬೀಳಬೇಕಾದ ಜಾಗಕ್ಕೆ ಬೀಳುತ್ತದೆ.

ವಿಭಕ್ತಿ ಅನ್ನುವ ಹೆಸರು ಕೇಳಿದರೆ ದೊಡ್ಡವರೇ ಹೆದರುತ್ತಾರೆ. ಅದು ಪ್ರಶ್ನೆಗೆ ಉತ್ತರ ಅಷ್ಟೇ. ಏನನ್ನು ಕಡಿದರು? ಮರವನ್ನು. ಎಲ್ಲಿಂದ ಬಿದ್ದ? ಮರದಿಂದ. ಯಾವುದಕ್ಕೆ ನೀರು ಹಾಕಿದೆ? ಮರಕ್ಕೆ. ಯಾವುದರ ಎಲೆ? ಮರದ ಎಲೆ. ಗೂಡು ಎಲ್ಲಿದೆ? ಮರದಲ್ಲಿ. ಒಂದು ಮರದ ಕೆಳಗೆ ಕೂತು ಇಷ್ಟನ್ನೂ ಆಡಬಹುದು. ಸಂಧಿಯನ್ನೂ ಹೀಗೇ ಮುಟ್ಟಿಸಬಹುದು. ಮನೆ, ಅಲ್ಲಿ ಎರಡನ್ನೂ ಬೇಗ ಬೇಗ ಹೇಳಿಸಿ, ನಡುವೆ ‘ಯ’ ತಾನಾಗಿ ನುಗ್ಗುತ್ತದೆ. ಮನೆಯಲ್ಲಿ. ಗುರು, ಅನ್ನು ಹೇಳಿಸಿದರೆ ‘ವ’ ಬರುತ್ತದೆ. ಗುರುವನ್ನು. ಆಗಮ, ಲೋಪ, ಆದೇಶ ಅನ್ನುವ ಹೆಸರುಗಳು ದೊಡ್ಡ ತರಗತಿಗೆ ಇರಲಿ.

ಮಾತಿಗೂ ಪುಸ್ತಕಕ್ಕೂ ಇರುವ ಅಂತರವನ್ನು ಮಾತ್ರ ಮೊದಲೇ ಹೇಳಿಬಿಡಬೇಕು. ಬೆಂಗಳೂರಿನ ಮಗು ‘ಮನೇಲಿ’ ಅನ್ನುತ್ತದೆ, ಧಾರವಾಡದ ಮಗು ‘ಮನ್ಯಾಗ’ ಅನ್ನುತ್ತದೆ, ಪುಸ್ತಕ ‘ಮನೆಯಲ್ಲಿ’ ಅನ್ನುತ್ತದೆ. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ, ತೆಲುಗು ಆಡುವ ಮಗುವಿಗೆ ಈ ಮೂರೂ ಹೊಸತು. ಅದಕ್ಕೆ ಓದು ಕಲಿಸುವ ಮುಂಚೆ ಕನ್ನಡದಲ್ಲಿ ಕತೆ ಕೇಳುವ, ಹರಟೆ ಹೊಡೆಯುವ ಅವಕಾಶ ಬೇಕು. ಅರ್ಥವೇ ಗೊತ್ತಿಲ್ಲದ ಪದವನ್ನು ಎಷ್ಟು ಸರಿಯಾಗಿ ಉಚ್ಚರಿಸಿದರೂ ಅದು ಓದಿದ ಹಾಗೆ ಆಗುವುದಿಲ್ಲ.

ಯಾವಾಗ ತಜ್ಞರನ್ನು ಕಾಣಬೇಕು?

ಒತ್ತಕ್ಷರ ತಡವಾಗುವುದು ಸಾಮಾನ್ಯ. ಆದರೆ ಕೆಲವು ಗುರುತುಗಳನ್ನು ಹಗುರವಾಗಿ ನೋಡಬಾರದು. ಮೂರನೇ ತರಗತಿಯಲ್ಲೂ ಬಿಡಿ ಅಕ್ಷರಗಳೇ ಮರೆತುಹೋಗುವುದು, ‘ಮರ’ಕ್ಕೆ ಪ್ರಾಸವಾಗುವ ಇನ್ನೊಂದು ಪದ ಹೇಳಲು ಆಗದಿರುವುದು, ಮಾತಿನಲ್ಲಿ ಚುರುಕಾಗಿದ್ದು ಪುಸ್ತಕ ಕಂಡರೆ ಅಳುವುದು, ಕನ್ನಡ ಇಂಗ್ಲಿಷ್ ಎರಡರಲ್ಲೂ ಒಂದೇ ಥರ ಕಷ್ಟಪಡುವುದು. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಕನ್ನಡಕ ಬಂದ ಮೇಲೆ ಸಮಸ್ಯೆಯೇ ಇರುವುದಿಲ್ಲ.

ಕಣ್ಣು, ಕಿವಿ ಸರಿಯಿದ್ದು ಕಷ್ಟ ಮುಂದುವರಿದರೆ ಡಿಸ್‌ಲೆಕ್ಸಿಯಾದಂಥ ಕಲಿಕಾ ತೊಂದರೆ ಇರಬಹುದು. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ಇದನ್ನು ನೋಡುವ ತಜ್ಞರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿದೆ. ಹಾಗಾಗಿ ಪ್ರಮಾಣಪತ್ರ ಸಿಕ್ಕ ಮಗು ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ನೆರವು ಕೇಳಬಹುದು. ತಜ್ಞರ ಹತ್ತಿರ ಹೋಗುವಾಗ ಮಗುವಿನ ಹಳೆಯ ಉಕ್ತಲೇಖನದ ನೋಟ್‌ಬುಕ್ ಜೊತೆಗಿರಲಿ, ತಪ್ಪುಗಳನ್ನು ಅಳಿಸದೆ ಹಾಗೇ.